ಹೊಸ ಬ್ಯಾಟರಿಯೂ ಹನ್ನೆರಡೇ ದಿನಕ್ಕೆ ಇಳಿಯಿತು: ಧಾಯರಿಯ ಬೇಸ್‌ಮೆಂಟಿನಲ್ಲಿ ನಮ್ಮ ಎರಡು ತಿಂಗಳು

ಮೊನ್ನೆ ಭಾನುವಾರ ಬಾನೆಟ್ ಎತ್ತಿ ಬ್ಯಾಟರಿಗೆ ಮೀಟರ್ ಹಚ್ಚಿದೆ. 12.5 ವೋಲ್ಟ್ ತೋರಿಸಿತು. ಗಾಡಿ ಎಂಟು ದಿನ ನಿಂತಲ್ಲೇ ನಿಂತಿತ್ತು. ಕೀಲಿ ತಿರುವಿದೆ, ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಜೂನ್‌ನಿಂದ ಈಚೆಗೆ ನಾಲ್ಕು ಸಲ ಇದೇ ಜಾಗದಲ್ಲಿ ಕೀಲಿ ತಿರುವಿದರೂ ಗಾಡಿ ಸ್ಟಾರ್ಟ್ ಆಗದೆ ನಿಂತಿದ್ದೆ. ಹಾಗಾಗಿ ಆ ಎಂಜಿನ್ ಸದ್ದಿಗೆ ಕಣ್ಣು ತುಂಬಿ ಬಂತು. ಇದೇ ಪೇಚಿನಲ್ಲಿ ಸಿಕ್ಕಿರುವವರಿಗೆ ನಮ್ಮಷ್ಟು ದಿನ, ನಮ್ಮಷ್ಟು ದುಡ್ಡು ಹೋಗಬಾರದು ಅಂತ ಎಲ್ಲವನ್ನೂ ನಡೆದ ಹಾಗೆಯೇ ಬರೆಯುತ್ತಿದ್ದೇನೆ.

ನಾವು ಧಾರವಾಡದ ಕಡೆಯವರು. ಪುಣೆಗೆ ಬಂದು ಹನ್ನೊಂದು ವರ್ಷ ಆಯಿತು. ಮನೆ ಧಾಯರಿಯಲ್ಲಿ. ನಮ್ಮ ಯಜಮಾನರು ಚಾಕಣದ ಫ್ಯಾಕ್ಟರಿಗೆ ಕಂಪನಿ ಬಸ್ಸಿನಲ್ಲಿ ಹೋಗುತ್ತಾರೆ, ಶಿಫ್ಟ್ ಕೆಲಸ. ಕಾರು ಓಡಿಸುವವಳು ನಾನು. 2018ರ ಪೆಟ್ರೋಲ್ ಸೆಡಾನ್, 35 ಆಂಪಿಯರ್-ಅವರ್ ಬ್ಯಾಟರಿ (ಒಂದು ಆಂಪಿಯರ್ ಕರೆಂಟನ್ನು ಸುಮಾರು 35 ತಾಸು ಕೊಡುವಷ್ಟು). ದಿನಾ ತೆಗೆಯುವುದಿಲ್ಲ. ವಾರಕ್ಕೊಮ್ಮೆ ಮಾರ್ಕೆಟ್ ಯಾರ್ಡಿಗೆ ತರಕಾರಿಗೆ, ತಿಂಗಳಿಗೊಮ್ಮೆ ಮಾವನವರ ಕಣ್ಣಿನ ಆಸ್ಪತ್ರೆಗೆ. ಮಾವನಿಗೆ ಸಕ್ಕರೆ ಕಾಯಿಲೆಯಿಂದ ಕಣ್ಣಿನ ಒಳಪರದೆಗೆ ಪೆಟ್ಟಾಗಿದೆ. ತಿಂಗಳಿಗೊಂದು ಇಂಜೆಕ್ಷನ್ ತಪ್ಪಿಸುವ ಹಾಗಿಲ್ಲ. ಅವರು ಕೆಇಬಿಯಲ್ಲಿ ಲೈನ್‌ಮನ್ ಆಗಿ ಸೇರಿ, ಅದು ಹೆಸ್ಕಾಂ ಆದ ಮೇಲೆ ನಿವೃತ್ತಿಯಾದವರು. ಈ ಮಾತು ಮುಂದೆ ಬೇಕಾಗುತ್ತದೆ.

ಮೊದಲ ಸಲ ಆಗಿದ್ದು ಜೂನ್ ಮಧ್ಯದಲ್ಲಿ, ಒಂದು ಬುಧವಾರ ಬೆಳಿಗ್ಗೆ. ಭಾನುವಾರ ತರಕಾರಿ ತಂದು ನಿಲ್ಲಿಸಿದ್ದೆ. ಕೀಲಿ ತಿರುವಿದರೆ ಮೀಟರಿನ ದೀಪಗಳು ಮಂಕಾಗಿ ಹತ್ತಿ ಆರಿದವು. ಬೇಸ್‌ಮೆಂಟ್ ಪಾರ್ಕಿಂಗ್ ಆದ್ದರಿಂದ ತಳ್ಳಿ ಸ್ಟಾರ್ಟ್ ಮಾಡುವ ಮಾತೇ ಇಲ್ಲ, ಏರು ಹತ್ತಿಸೋದು ಯಾರ ಕೈಲೂ ಆಗಲ್ಲ. ಮೂರನೇ ಮಹಡಿಯ ವಿಜಯಪುರದ ಕಾಕಾ ತಮ್ಮ ಗಾಡಿ ಪಕ್ಕಕ್ಕೆ ತಂದು ಜಂಪರ್ ಕೇಬಲ್ ಹಚ್ಚಿಕೊಟ್ಟರು. ಹಚ್ಚುವ ಕ್ರಮ ಅವರಿಂದಲೇ ಕಲಿತೆ. ಕೆಂಪು ಕೇಬಲ್ ಮೊದಲು ಇಳಿದ ಬ್ಯಾಟರಿಯ ಪ್ಲಸ್‌ಗೆ, ಅದರ ಇನ್ನೊಂದು ತುದಿ ಒಳ್ಳೆಯ ಬ್ಯಾಟರಿಯ ಪ್ಲಸ್‌ಗೆ. ಆಮೇಲೆ ಕಪ್ಪು ಕೇಬಲ್ ಒಳ್ಳೆಯ ಬ್ಯಾಟರಿಯ ಮೈನಸ್‌ಗೆ. ಕೊನೆಯ ತುದಿಯನ್ನು ಮಾತ್ರ ಇಳಿದ ಬ್ಯಾಟರಿಗೆ ಹಚ್ಚಬಾರದು, ಎಂಜಿನ್ನಿನ ಬಣ್ಣವಿಲ್ಲದ ಕಬ್ಬಿಣಕ್ಕೆ ದೂರದಲ್ಲಿ ಹಚ್ಚಬೇಕು. ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತದೆ. ಕಿಡಿ ಅದರ ಹತ್ತಿರ ಹಾರಬಾರದು. ಬಿಚ್ಚುವಾಗ ಇದೇ ಕ್ರಮ ಹಿಂದುಮುಂದಾಗಿ.

“ಎಷ್ಟು ವರ್ಷದ ಬ್ಯಾಟರಿ ಇದು?” ಕಾಕಾ ಕೇಳಿದರು. ನಾಲ್ಕು ವರ್ಷ ಅಂದೆ. “ಹಂಗಾರ ಮುಗೀತು ಬಿಡವ್ವಾ, ಬದಲಿ ಮಾಡ್ಸು” ಅಂದರು. ಇಲ್ಲಿ ಎಲ್ಲರೂ ಇದೇ ಹೇಳುತ್ತಾರೆ. ನಮ್ಮ ಬಿಸಿಲು, ಟ್ರಾಫಿಕ್ಕಿಗೆ ಬ್ಯಾಟರಿ ಸಾಮಾನ್ಯವಾಗಿ ಮೂರರಿಂದ ಐದು ವರ್ಷ ಬರುತ್ತದೆ. ಹಾಗಾಗಿ ಯಾರಿಗೂ ಅನುಮಾನ ಬರಲಿಲ್ಲ, ನನಗೂ ಬರಲಿಲ್ಲ.

ಅಂಗಡಿ ನಾನಾ ಪೇಠೆಯಲ್ಲಿತ್ತು. ಗಾಡಿ ಬಿಡಿಭಾಗ ಅಂದರೆ ಪುಣೆಯವರು ಅಲ್ಲಿಗೇ ಹೋಗೋದು. ಆದರೆ ಅದು ಪಾಲಖಿಯ ವಾರ. ಪಂಢರಪುರಕ್ಕೆ ಹೊರಟ ಜ್ಞಾನೇಶ್ವರರ ಪಾಲಖಿ ಭವಾನಿ ಪೇಠೆಯಲ್ಲಿ, ತುಕಾರಾಮರ ಪಾಲಖಿ ನಾನಾ ಪೇಠೆಯಲ್ಲಿ ತಂಗುತ್ತವೆ. ರಸ್ತೆಯ ತುಂಬ ವಾರಕರಿಗಳು, ಗಾಡಿ ಒಳಗೆ ಬಿಡುವುದಿಲ್ಲ. ಪಾಲಖಿಗಳು ಮುಂದೆ ಹೋಗುವ ತನಕ ಕಾದು ಹೋದೆವು. ಅಂಗಡಿಯವನು ಮೀಟರ್ ಇಟ್ಟ, 11.4 ಬಂತು. “ಸೆಲ್ ಹೋಗಿದೆ” ಅಂದ. 4,800 ರೂಪಾಯಿಯ ಹೊಸ ಬ್ಯಾಟರಿ ಕೂರಿಸಿದ. ಹಳೆಯದಕ್ಕೆ 650 ಹಿಡಿದ. ಕೈಯಿಂದ ಹೋಗಿದ್ದು 4,150.

ಇಲ್ಲಿ ಎರಡು ಮಾತು. ಹಳೆಯ ಬ್ಯಾಟರಿಯನ್ನು ಗುಜರಿಯವರಿಗೆ ಕೊಡಬೇಡಿ, ಅಂಗಡಿಗೇ ಕೊಡಿ. ಒಳಗೆ ಸೀಸ, ಆಸಿಡ್ ಇರುತ್ತದೆ. ಬಳಸಿದ ಬ್ಯಾಟರಿ ಸರಿಯಾದ ದಾರಿಯಲ್ಲಿ ವಾಪಸ್ ಹೋಗಬೇಕು ಅಂತಲೇ 2022ರಲ್ಲಿ ಕೇಂದ್ರ ಸರ್ಕಾರ ನಿಯಮ ಮಾಡಿದೆ. ಇನ್ನೊಂದು, ವಾರಂಟಿ ಕಾರ್ಡನ್ನು ಅಂಗಡಿಯವನ ಎದುರಿಗೇ ತುಂಬಿಸಿಕೊಳ್ಳಿ. ಬ್ಯಾಟರಿಯ ಸೀರಿಯಲ್ ನಂಬರ್, ಗಾಡಿ ನಂಬರ್, ಮಾರಿದ ತಾರೀಖು, ಅಂಗಡಿಯ ಸಿಕ್ಕೆ, ಈ ನಾಲ್ಕೂ ಇರಲಿ. ನಮ್ಮ ಕಾರ್ಡಿನಲ್ಲಿ ಗಾಡಿ ನಂಬರಿನ ಒಂದು ಅಂಕಿ ತಪ್ಪಾಗಿತ್ತು. ಅದು ತಿಳಿದಿದ್ದು ಆಮೇಲೆ, ಅದಕ್ಕೇ ಒಂದು ಸಲ ಸುಮ್ನೆ ಓಡಾಡಬೇಕಾಯಿತು.

ಸರಿಯಾಗಿ ಹನ್ನೆರಡನೇ ದಿನ ಹೊಸ ಬ್ಯಾಟರಿ ಇಳಿದಿತ್ತು.

ನಾನು ಮೊದಲು ನಂಬಲಿಲ್ಲ. ಹೆಡ್‌ಲೈಟ್ ಹಚ್ಚೇ ಬಿಟ್ಟಿದ್ದೆನಾ, ಒಳಗಿನ ದೀಪ ಆರಿಸಲಿಲ್ವಾ ಅಂತ ನೋಡಿದೆ. ಎಲ್ಲ ಆರಿದ್ದವು. ಬ್ಯಾಟರಿಯ ಮೇಲೆ ಚಿಕ್ಕ ಕಣ್ಣಿನಂಥ ಗಾಜು ಇರುತ್ತಲ್ಲ, ಹಸಿರು ಇದ್ದರೆ ಚಾರ್ಜ್ ಇದೆ ಅಂತ. ಅದು ಕಪ್ಪಾಗಿತ್ತು. ಆ ಕಣ್ಣು ಆರು ಸೆಲ್‌ಗಳಲ್ಲಿ ಒಂದನ್ನು ಮಾತ್ರ ನೋಡುತ್ತದೆ. ಹಾಗಾಗಿ ಹಸಿರು ಇದ್ದರೂ ಪೂರ್ತಿ ನಂಬುವ ಹಾಗಿಲ್ಲ. ಕಾಕಾ ಮತ್ತೆ ಕೇಬಲ್ ಹಚ್ಚಿದರು. ನಾನು ನೇರ ಅಂಗಡಿಗೆ ಹೋದೆ.

ವಾರಂಟಿ ಅಂದ ಕೂಡಲೇ ಬೇರೆ ಬ್ಯಾಟರಿ ಕೊಡುತ್ತಾರೆ ಅಂದುಕೊಂಡಿದ್ದೆ. ಹಾಗಲ್ಲ. ಮೊದಲು ಬ್ಯಾಟರಿ ಇಳಿಸಿಕೊಂಡು ನಿಧಾನವಾಗಿ ಚಾರ್ಜ್ ಮಾಡುತ್ತಾರೆ. ಆಮೇಲೆ ಕೆಲವು ತಾಸು ಹಾಗೇ ಬಿಟ್ಟು, ಲೋಡ್ ಕೊಟ್ಟು ನೋಡುತ್ತಾರೆ. ಒಳಗೇ ಕೆಟ್ಟಿದ್ದರೆ ಮಾತ್ರ ಬದಲಿ. ಬರೀ ಇಳಿದಿದ್ದರೆ ವಾರಂಟಿ ಬರಲ್ಲ. ಮೂರು ದಿನ ಗಾಡಿ ಬ್ಯಾಟರಿಯಿಲ್ಲದೆ ಬೇಸ್‌ಮೆಂಟಿನಲ್ಲಿ ಕೂತಿತ್ತು. ಮೂರನೇ ದಿನ ಫೋನ್ ಬಂತು. “ತಾಯಿ, ಬ್ಯಾಟರಿ ಚೆನ್ನಾಗಿದೆ. ನಿಮ್ಮ ಗಾಡಿಯಲ್ಲೇ ಏನೋ ಇದೆ” ಅಂದ ಮರಾಠಿಯಲ್ಲಿ. ಇಲ್ಲಿ ತಾಯಿ ಅಂದರೆ ಅಕ್ಕ. ಚಾರ್ಜ್ ಮಾಡಿದ್ದಕ್ಕೆ 200 ರೂಪಾಯಿ. ಆ ಹೊತ್ತಿಗೆ ಅವನ ಮೇಲೆ ತುಂಬಾ ಸಿಟ್ಟು ಬಂದಿತ್ತು. ನಿಜ ಹೇಳಿದ ಮೊದಲ ಮನುಷ್ಯ ಅವನೇ.

ಮೂರನೇ ಸಲ ಇಳಿದ ದಿನವನ್ನು ನಾನು ಮರೆಯುವುದಿಲ್ಲ. ಜುಲೈ ಮೊದಲ ವಾರ, ಮಾವನ ಇಂಜೆಕ್ಷನ್ ದಿನ. ಬೆಳಿಗ್ಗೆ ಎಂಟಕ್ಕೆ ಆಸ್ಪತ್ರೆಯಲ್ಲಿ ಇರಬೇಕಿತ್ತು. ಹೊರಗೆ ಧೋ ಅಂತ ಮಳೆ. ಮಾವ ಹಸಿರು ಶಾಲು ಹೊದ್ದು ಮುಂದಿನ ಸೀಟಿನಲ್ಲಿ ಕೂತಿದ್ದರು. ಕೀಲಿ ತಿರುವಿದೆ. ಕಟ್ ಕಟ್. ಕಾಕಾ ಊರಿಗೆ ಹೋಗಿದ್ದರು. ಆ ಮಳೆಯಲ್ಲಿ ಆ್ಯಪ್‌ನಲ್ಲಿ ಗಾಡಿ ಸಿಗಲಿಲ್ಲ, ಎರಡು ರಿಕ್ಷಾದವರು ಒಲ್ಲೆ ಅಂದರು. ಕೊನೆಗೆ ಮುಟ್ಟಿದ್ದು ಹತ್ತೂಕಾಲಕ್ಕೆ. ಡಾಕ್ಟರು ಆಪರೇಷನ್ ಥಿಯೇಟರಿಗೆ ಹೋಗಿದ್ದರು. ಒಂಬತ್ತು ದಿನ ಬಿಟ್ಟು ಬೇರೆ ತಾರೀಖು ಕೊಟ್ಟರು. ಮಾವ ಒಂದು ಮಾತೂ ಅನ್ನಲಿಲ್ಲ. ಅನ್ನದೇ ಇದ್ದಿದ್ದೇ ನನಗೆ ಜಾಸ್ತಿ ನೋವಾಯಿತು.

ಅವತ್ತು ಮಧ್ಯಾಹ್ನ 500 ರೂಪಾಯಿ ಕೊಟ್ಟು ಒಬ್ಬನನ್ನು ಕರೆಸಿ ಗಾಡಿ ಸ್ಟಾರ್ಟ್ ಮಾಡಿಸಿ, ಸರ್ವಿಸ್ ಸೆಂಟರಿಗೆ ಒಯ್ದೆ. ಅಲ್ಲಿಯ ಹುಡುಗ ನಾನು ಹೇಳುವುದನ್ನು ಅರ್ಧ ಕೇಳಿ, “ಸರ್ ನಂಬರ್ ಕೊಡಿ, ಅವರ ಹತ್ತಿರ ಮಾತಾಡ್ತೀನಿ” ಅಂದ. ಗಾಡಿ ಓಡಿಸುವವಳು ನಾನು, ಯಾವ ದಿನ ಏನಾಯಿತು ಅಂತ ಗೊತ್ತಿರುವವಳೂ ನಾನು. ಹಾಗೇ ಹೇಳಿದೆ. ಸಂಜೆ ಎಸ್ಟಿಮೇಟ್ ಕಳಿಸಿದರು: ಆಲ್ಟರ್ನೇಟರ್ (ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಡೈನಮೊ) ಬದಲಿಸಬೇಕು, 11,400 ರೂಪಾಯಿ.

ಮನೆಯಲ್ಲಿ ಮಾವನಿಗೆ ಓದಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಯವ್ವಾ, ಎಂಜಿನ್ ಚಾಲೂ ಇದ್ದಾಗ ಬ್ಯಾಟರಿ ಮ್ಯಾಲೆ ಎಷ್ಟು ವೋಲ್ಟ್ ಬರ್ತೈತಿ, ಅದನ್ನ ಕೇಳು” ಅಂದರು. ಮರುದಿನ ಹೋಗಿ ನನ್ನ ಎದುರಿಗೇ ಅಳೆಯಲು ಹೇಳಿದೆ. ಎಂಜಿನ್ ಚಾಲೂ ಇದ್ದಾಗ 14.1. ಏಸಿ, ಹೆಡ್‌ಲೈಟ್, ಹಿಂದಿನ ಗಾಜಿನ ಹೀಟರ್ ಎಲ್ಲ ಹಚ್ಚಿದಾಗ 13.7. ಅಲ್ಲಿಂದಲೇ ಫೋನ್ ಮಾಡಿದೆ. “ಡೈನಮೊ ಛಲೋ ಐತಿ. ಒಲ್ಲೆ ಅನ್ನು, ಬಾ” ಅಂದರು. ಪರೀಕ್ಷೆಯ ಫೀ 500, ಜಿಎಸ್‌ಟಿ 90, ಒಟ್ಟು 590 ಕೊಟ್ಟು ಗಾಡಿ ಬಿಡಿಸಿಕೊಂಡು ಬಂದೆ.

ಈ ಅಂಕಿಗಳನ್ನು ಬರೆದಿಟ್ಟುಕೊಳ್ಳಿ, ನಮ್ಮ 11,400 ಉಳಿಸಿದ್ದು ಇವೇ. ಎಂಜಿನ್ ಓಡುವಾಗ ಬ್ಯಾಟರಿಯ ಮೇಲೆ ಹೆಚ್ಚುಕಡಿಮೆ 13.8ರಿಂದ 14.4 ವೋಲ್ಟ್ ಇದ್ದರೆ ಚಾರ್ಜಿಂಗ್ ಸರಿ ಇದೆ. ಎಲ್ಲ ಹಚ್ಚಿದಾಗ ಸ್ವಲ್ಪ ಇಳಿದರೆ ಗಾಬರಿ ಬೇಡ. 13ಕ್ಕಿಂತ ಕೆಳಗೇ ನಿಂತರೆ ಆಲ್ಟರ್ನೇಟರ್ ಅಥವಾ ಅದರ ಬೆಲ್ಟ್ ನೋಡಿಸಬೇಕು. ಎಂಜಿನ್ ಆರಿಸಿ ರಾತ್ರಿಯೆಲ್ಲ ಬಿಟ್ಟ ಮೇಲೆ ಅಳೆದರೆ 12.6 ಅಂದರೆ ಬ್ಯಾಟರಿ ತುಂಬಿದೆ. 12.2 ಅಂದರೆ ಅರ್ಧ. 12ಕ್ಕೆ ಬಂದರೆ ಸೆಲ್ಫ್ ಹೊಡೆಯಲು ಒದ್ದಾಡುತ್ತದೆ. ಟರ್ಮಿನಲ್‌ಗಳನ್ನೂ ನೋಡಿ. ಬಿಳಿ-ಹಸಿರು ಬೂಷ್ಟಿನಂಥದ್ದು ಹತ್ತಿದ್ದರೆ ಬಿಸಿನೀರು, ಸೋಡಾಪುಡಿ ಹಾಕಿ ಹಳೆಯ ಬ್ರಶ್‌ನಿಂದ ತಿಕ್ಕಿ, ಒರೆಸಿ, ಬಿಗಿ ಮಾಡಿ. ನಮ್ಮದು ಸ್ವಚ್ಛವಾಗಿಯೇ ಇತ್ತು.

ಆಮೇಲೆ ಅನುಮಾನ ಹೋಗಿದ್ದು ಡ್ಯಾಶ್‌ಕ್ಯಾಮ್ ಮೇಲೆ. ಕಳೆದ ವರ್ಷ ಹಾಕಿಸಿದ್ದೆವು. ಗಾಡಿ ನಿಂತಾಗಲೂ ರೆಕಾರ್ಡ್ ಆಗಲಿ ಅಂತ ಹಾಕುವವನು ಅದರ ವೈರನ್ನು ಯಾವಾಗಲೂ ಕರೆಂಟ್ ಇರುವ ಫ್ಯೂಸಿಗೆ ಹಚ್ಚಿದ್ದ. ಇನ್ನೇನು ಬೇಕು, ಕಳ್ಳ ಸಿಕ್ಕ ಅನ್ನಿಸಿತು. ಬಿಚ್ಚಿಸಿದೆ, 400 ರೂಪಾಯಿ. ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿಸಿ ಹಾಕಿದೆವು. ಹದಿನಾರು ದಿನ ಗಾಡಿ ಚೆನ್ನಾಗಿ ಸ್ಟಾರ್ಟ್ ಆಯಿತು. ಮಾವನ ಇಂಜೆಕ್ಷನ್ ಆಯಿತು. ನಾನು ಸೊಸೈಟಿಯಲ್ಲಿ ಕಂಡಕಂಡವರಿಗೆಲ್ಲ ಡ್ಯಾಶ್‌ಕ್ಯಾಮ್ ಹಾಕಿಸಬೇಡಿ ಅಂತ ಹೇಳಿದೆ. ಆ ಹದಿನಾರು ದಿನ ಯಾಕೆ ಚೆನ್ನಾಗಿತ್ತು ಅನ್ನೋದಕ್ಕೆ ಬೇರೆಯೇ ಕಾರಣ ಇತ್ತು.

ನಾಗರ ಪಂಚಮಿಗೆ ತವರಿಗೆ ಹೋಗಬೇಕಿತ್ತು. ಉಂಡಿ ಕಟ್ಟಲು ಅವ್ವ ಒಬ್ಬಳೇ ಇರುತ್ತಾಳೆ. ನಾಲ್ಕು ದಿನ ಮೊದಲೇ ಅವಳಿಗೆ ಸೀರೆ, ಬಾಕರವಡಿ, ಮಗನ ಬಟ್ಟೆಯ ಬ್ಯಾಗು ಎಲ್ಲ ಡಿಕ್ಕಿಗೆ ಹಾಕಿಟ್ಟಿದ್ದೆ, ಬೆಳಗಿನ ಐದಕ್ಕೆ ಹೊರಟರೆ ಗಡಿಬಿಡಿ ಆಗಬಾರದು ಅಂತ. ಸಾತಾರಾ, ಕೊಲ್ಹಾಪುರ, ನಿಪ್ಪಾಣಿ ದಾಟಿ ಧಾರವಾಡ ನಾನೂರು ಕಿಲೋಮೀಟರಿಗೂ ಮೇಲೆ. ಐದಕ್ಕೆ ಬೇಸ್‌ಮೆಂಟಿಗೆ ಇಳಿದರೆ ಗಾಡಿಯಲ್ಲಿ ಜೀವವೇ ಇಲ್ಲ. ರಿಮೋಟಿಗೆ ಬಾಗಿಲೂ ತೆರೆಯಲಿಲ್ಲ, ಕೀಲಿ ಹಾಕಿ ತೆರೆದೆ. ಸ್ವಾರಗೇಟ್‌ಗೆ ಹೋಗಿ ಹುಬ್ಬಳ್ಳಿ ಬಸ್ ಹತ್ತಿದೆವು. ನಿಪ್ಪಾಣಿ ದಾಟುವ ತನಕ ನನಗೆ ಮಾತೇ ಹೊರಡಲಿಲ್ಲ. ಗಾಡಿ ಮಾರಿಬಿಡೋಣ ಅಂತ ಯಜಮಾನರಿಗೆ ಮೆಸೇಜ್ ಹಾಕಿದ್ದೆ.

ವಾಪಸ್ ಬಂದ ಮೇಲೆ ಮಾವ ಕರೆದು ಕೂರಿಸಿಕೊಂಡರು. “ಇಷ್ಟು ದಿನ ಎಲ್ಲಾರೂ ಊಹಾ ಮಾಡ್ಯಾರ. ಯಾರೂ ಅಳದು ನೋಡಿಲ್ಲ. ಗಾಡಿ ಮಲಗಿದಾಗ ಎಷ್ಟು ಕರೆಂಟ್ ಎಳೀತೈತಿ, ಅದನ್ನ ನೋಡೋಣು. ನಾವು ಲೈನ್‌ನ್ಯಾಗ ಲೀಕೇಜ್ ಹೆಂಗ ಹುಡುಕ್ತಿದ್ವಿ? ಒಂದೊಂದ ಲೈನ್ ಬಿಡಿಸ್ಕೋತ ಹೋಗೋದು. ಯಾವುದು ಬಿಡಿಸಿದಾಗ ನಿಲ್ತೈತಿ, ಅದರಾಗ ಐತಿ ಕಳ್ಳ.”

ಅವರಿಗೆ ಮೀಟರಿನ ಅಂಕಿ ಕಾಣುವುದಿಲ್ಲ. ನನಗೆ ಮೀಟರ್ ಹಿಡಿದು ಗೊತ್ತಿಲ್ಲ. ಅವರು ಹೇಳುವುದು, ನಾನು ಮಾಡುವುದು ಅಂತ ಆಯಿತು.

ಬುಧವಾರ ಪೇಠೆಯ ತಾಪಕೀರ್ ಗಲ್ಲಿಗೆ ಹೋದೆ. ಪುಣೆಯಲ್ಲಿ ಎಲೆಕ್ಟ್ರಿಕಲ್ ಸಾಮಾನಿಗೆ ಅದೇ ಜಾಗ. 10 ಆಂಪಿಯರ್ ತನಕ ಡಿಸಿ ಕರೆಂಟ್ ಅಳೆಯುವ, ಆ ತೂತಿಗೂ ಒಳಗೆ ಫ್ಯೂಸ್ ಇರುವ ಮಲ್ಟಿಮೀಟರೇ ಬೇಕು ಅಂತ ಮಾವ ಹೇಳಿ ಕಳಿಸಿದ್ದರು. ಅಗ್ಗದ ಮೀಟರ್‌ಗಳಲ್ಲಿ ಎಷ್ಟೋ ಸಲ ಆ ಫ್ಯೂಸ್ ಇರುವುದಿಲ್ಲ, ಮೇಲೆ ಬರೆದಿರುತ್ತದೆ, ನೋಡಿ ತಗೊಳ್ಳಿ. 750 ರೂಪಾಯಿ.

ಅಳೆಯುವುದು ಹೀಗೆ. ಕೀಲಿ ತೆಗೆದು, ಎಲ್ಲ ಆರಿಸಿ. ಫ್ಯೂಸ್ ಪೆಟ್ಟಿಗೆ ಒಳಗಿದ್ದರೆ ಡ್ರೈವರ್ ಬಾಗಿಲು ತೆರೆದೇ ಇರಬೇಕಾಗುತ್ತದೆ. ಆಗ ಬಾಗಿಲಿನ ಕೊಂಡಿಯನ್ನು ಸ್ಕ್ರೂಡ್ರೈವರಿನಿಂದ ಒತ್ತಿ ಮುಚ್ಚಿದ ಹಾಗೆ ಮಾಡಿ. ಗಾಡಿಗೆ ಬಾಗಿಲು ಹಾಕಿದೆ ಅನ್ನಿಸಬೇಕು. ಕೆಲಸ ಮುಗಿದ ಮೇಲೆ ಕೊಂಡಿ ಬಿಡಿಸದೆ ಬಾಗಿಲು ಹಾಕಬೇಡಿ, ಮುರಿದೀತು. ಆಮೇಲೆ ಬ್ಯಾಟರಿಯ ಮೈನಸ್ ಕೇಬಲ್ ಬಿಚ್ಚಿ. ಮೀಟರಿನ ಕೆಂಪು ವೈರನ್ನು 10 ಆಂಪಿಯರಿನ ತೂತಿಗೆ ಹಾಕಿ. ಒಂದು ಕಡ್ಡಿ ಬಿಚ್ಚಿದ ಕೇಬಲ್ಲಿಗೆ, ಇನ್ನೊಂದು ಬ್ಯಾಟರಿಯ ಮೈನಸ್ ಕಂಬಕ್ಕೆ. ಈಗ ಗಾಡಿಯ ಕರೆಂಟೆಲ್ಲ ಮೀಟರಿನ ಒಳಗಿಂದಲೇ ಹೋಗುತ್ತದೆ. ಈ ಹೊತ್ತಿನಲ್ಲಿ ಯಾರೂ ಕೀಲಿ ಮುಟ್ಟಬಾರದು. ನಮ್ಮ ಮಗ ಒಳಗೆ ಕೂತು ಕೀಲಿ ತಿರುವಿಬಿಟ್ಟ, ಬ್ಲೋವರ್ ಫುಲ್ ಇತ್ತು, ಮೀಟರಿನ ಫ್ಯೂಸ್ ಹೋಯಿತು. 40 ರೂಪಾಯಿಯ ಫ್ಯೂಸಿಗೆ ಮತ್ತೆ ತಾಪಕೀರ್ ಗಲ್ಲಿ. ಮಗು ಹೆದರಿ ಅತ್ತಿತು. ಮಾವ ಅವನನ್ನು ಪಕ್ಕದಲ್ಲೇ ಕೂರಿಸಿಕೊಂಡು ಟಾರ್ಚ್ ಹಿಡಿಯುವ ಕೆಲಸ ಕೊಟ್ಟರು.

ಮೊದಲ ರಾತ್ರಿ ಮೀಟರ್ 1.8 ಆಂಪಿಯರ್ ತೋರಿಸಿತು. ನನ್ನ ಎದೆ ಧಸಕ್ಕೆಂದಿತು. “ತಡಿ, ಅದು ಇನ್ನೂ ನಿದ್ದಿ ಹೋಗಿಲ್ಲ” ಅಂದರು ಮಾವ. ಕೇಬಲ್ ಬಿಚ್ಚಿ ಹಚ್ಚಿದಾಗ ಗಾಡಿಯ ಒಳಗಿನ ಕಂಪ್ಯೂಟರ್‌ಗಳು ಎಚ್ಚರ ಆಗುತ್ತವೆ. ಮಲಗಲು ಅರ್ಧ ತಾಸು, ಕೆಲವು ಗಾಡಿಗಳಲ್ಲಿ ಇನ್ನೂ ಜಾಸ್ತಿ ಬೇಕು. ಇಪ್ಪತ್ತೈದು ನಿಮಿಷಕ್ಕೆ 0.02ಕ್ಕೆ ಇಳಿಯಿತು. ಗಡಿಯಾರ, ಅಲಾರಂ ಅಂತ 0.05ರ ಒಳಗೆ ಇರುವುದು ಸಹಜ. ಅಂದರೆ ನಮ್ಮ ಗಾಡಿಯಲ್ಲಿ ಏನೂ ದೋಷ ಇಲ್ಲ! ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕಾಣದ ದೋಷಕ್ಕಿಂತ ಕಂಡ ದೋಷವೇ ಎಷ್ಟೋ ಮೇಲು.

ಮರುದಿನ ಮತ್ತೆ ಹಚ್ಚಿದೆವು. ಅರ್ಧ ತಾಸು ಕಾದೆವು. 0.44. ಇನ್ನೂ ಕಾದೆವು. 0.44. ಅಲುಗಲೇ ಇಲ್ಲ.

“ನಿನ್ನಿಗೂ ಇವತ್ತಿಗೂ ಏನು ಬ್ಯಾರೆ ಮಾಡೀದಿ?” ಮಾವ ಕೇಳಿದರು. ಏನೂ ಇಲ್ಲ ಅಂದೆ. “ವಿಚಾರ ಮಾಡಿ ಹೇಳು.” ಯೋಚಿಸಿದೆ. ನಿನ್ನೆ ಕೇಬಲ್ ಬಿಚ್ಚಲು ಪಾನಾ ಮನೆಯಿಂದ ತಂದಿದ್ದೆ. ಇವತ್ತು ಡಿಕ್ಕಿಯಿಂದ ತೆಗೆದಿದ್ದೆ.

ಆದರೂ ಮಾವ ಊಹೆಗೆ ಒಪ್ಪಲಿಲ್ಲ, ಫ್ಯೂಸ್ ಒಂದೊಂದೇ ತೆಗೆ ಅಂದರು. ತೆಗೆಯುವ ಮೊದಲು ಪೆಟ್ಟಿಗೆಯ ಫೋಟೋ ತೆಗೆದುಕೊಳ್ಳಿ, ಯಾವುದು ಎಲ್ಲಿತ್ತು ಅಂತ ಮರೆತುಹೋಗುತ್ತದೆ. ನಾನು ಒಂದು ತೆಗೆಯುವುದು, ಮಗ ಟಾರ್ಚ್ ಬಿಟ್ಟು ಮೀಟರ್ ಓದುವುದು, ಮತ್ತೆ ಅದೇ ಜಾಗಕ್ಕೆ ಹಾಕುವುದು. ಪಾಯಿಂಟ್ ನಾಲ್ಕು ನಾಲ್ಕು, ಪಾಯಿಂಟ್ ನಾಲ್ಕು ನಾಲ್ಕು ಅಂತ ಅವನ ದನಿ ಬೇಸ್‌ಮೆಂಟಿನಲ್ಲಿ ಮೊಳಗುತ್ತಿತ್ತು. ಹನ್ನೊಂದನೆಯದು ತೆಗೆದಾಗ “ಪಾಯಿಂಟ್ ಸೊನ್ನೆ ಎರಡು!” ಅಂತ ಕಿರುಚಿದ. ಮುಚ್ಚಳದ ಮೇಲೆ ರೂಮ್ ಲ್ಯಾಂಪ್ ಅಂತ ಇತ್ತು. ಆ ಒಂದೇ ಫ್ಯೂಸಿನಿಂದ ಸ್ಟೀರಿಯೋದ ಮೆಮೊರಿ, ಒಳಗಿನ ದೀಪ, ಡಿಕ್ಕಿಯ ದೀಪ ಎಲ್ಲಕ್ಕೂ ಕರೆಂಟ್ ಹೋಗುತ್ತದೆ. ಒಳಗಿನ ದೀಪ ಆರಿತ್ತು.

ಮುಚ್ಚಿದ ಡಿಕ್ಕಿಯ ಒಳಗೆ ದೀಪ ಉರಿಯುತ್ತಿದೆಯೋ ಇಲ್ಲವೋ ನೋಡುವುದು ಹೇಗೆ? ಫೋನಿನಲ್ಲಿ ವಿಡಿಯೋ ಚಾಲೂ ಮಾಡಿ, ಡಿಕ್ಕಿಯೊಳಗೆ ದೀಪದ ಕಡೆ ಮುಖ ಮಾಡಿ ಇಟ್ಟು, ನಾನು ದಿನಾ ಮುಚ್ಚುವಷ್ಟೇ ಜೋರಿನಲ್ಲಿ ಮುಚ್ಚಿದೆ. ಒಂದು ನಿಮಿಷ ಬಿಟ್ಟು ತೆಗೆದೆ. ವಿಡಿಯೋದಲ್ಲಿ ಮುಚ್ಚಳ ಕೆಳಗೆ ಬರುತ್ತದೆ, ಸದ್ದಾಗುತ್ತದೆ, ಕತ್ತಲೆ ಆಗಬೇಕು. ಆಗಲಿಲ್ಲ. ಸ್ಟೆಪ್ನಿಯ ಮ್ಯಾಟು, ಮಗನ ಹಳೆಯ ಚೆಂಡು, ಎಲ್ಲ ಹಳದಿ ಬೆಳಕಿನಲ್ಲಿ ಸ್ಪಷ್ಟ.

“ಏನ್ ಕಾಣ್ತೈತಿ?” ಮಾವ ಕೇಳಿದರು.

“ಬೆಳಕು, ಮಾವ.”

ಅವರು ನನ್ನ ತಲೆಯ ಮೇಲೆ ಕೈ ಇಟ್ಟರು. ನನಗೆ ಅಳು ಬಂತು.

ಆಮೇಲೆ ಎಲ್ಲ ಒಂದೊಂದಾಗಿ ಹೊಂದಿಕೊಂಡಿತು. ಮೇ ತಿಂಗಳಿನಲ್ಲಿ ನವಲೆ ಸೇತುವೆಯ ಹತ್ತಿರ ಹಿಂದಿನಿಂದ ಒಂದು ಟೆಂಪೊ ತಾಗಿಸಿತ್ತು. ಡೆಂಟಿಂಗ್ ಮಾಡಿದವರು ಡಿಕ್ಕಿಗೆ ಹೊಸ ರಬ್ಬರ್ ಬೀಡಿಂಗ್ ಹಾಕಿದ್ದರು, ಮೊದಲಿಗಿಂತ ದಪ್ಪ. ಮುಚ್ಚಳ ಲಾಕ್ ಆಗುತ್ತಿತ್ತು, ಆದರೆ ಪೂರ್ತಿ ಕೆಳಗೆ ಕೂರುತ್ತಿರಲಿಲ್ಲ. ದೀಪದ ಸ್ವಿಚ್ಚು ಲಾಕಿನ ಒಳಗೇ ಇದೆ. ಜೋರಾಗಿ ಹಾಕಿದರೆ ದೀಪ ಆರುತ್ತಿತ್ತು, ಮೆಲ್ಲಗೆ ಹಾಕಿದರೆ ಇಲ್ಲ. ನಮ್ಮ ಗಾಡಿಯಲ್ಲಿ ಬಾಗಿಲು ತೆರೆದಿದ್ದರೆ ಮುಂದೆ ಸೂಚನೆ ಬರುತ್ತದೆ, ಡಿಕ್ಕಿಗೆ ಬರುವುದಿಲ್ಲ. ಜೂನ್‌ನಲ್ಲಿ ತರಕಾರಿ ಚೀಲ, ಪಂಚಮಿಗೆ ಬ್ಯಾಗು. ಡ್ಯಾಶ್‌ಕ್ಯಾಮ್ ಬಿಚ್ಚಿದ ಆ ಹದಿನಾರು ದಿನ, ಮಳೆಯಲ್ಲಿ ಮಾರ್ಕೆಟ್ಟಿಗೆ ಹೋಗದೆ, ನಾನು ಡಿಕ್ಕಿಯನ್ನೇ ತೆಗೆದಿರಲಿಲ್ಲ.

ಬಲ್ಬು ಬರೀ 5 ವ್ಯಾಟಿನದು. ಮಾವ ಬಾಯಲ್ಲೇ ಲೆಕ್ಕ ಹಾಕಿದರು. 12 ವೋಲ್ಟಿನಲ್ಲಿ 5 ವ್ಯಾಟ್ ಅಂದರೆ 0.42 ಆಂಪಿಯರ್. ಇಪ್ಪತ್ನಾಲ್ಕು ತಾಸಿಗೆ 10 ಆಂಪಿಯರ್-ಅವರ್. ನಮ್ಮ ಬ್ಯಾಟರಿ 35. ಎರಡು ದಿನಕ್ಕೆ ಅರ್ಧಕ್ಕಿಂತ ಹೆಚ್ಚು ಖಾಲಿ, ಮೂರನೇ ದಿನಕ್ಕೆ ಸ್ಟಾರ್ಟ್ ಆಗಲ್ಲ, ನಾಲ್ಕನೇ ದಿನಕ್ಕೆ ರಿಮೋಟಿಗೂ ಜೀವ ಇಲ್ಲ. ಬುಧವಾರದ ಬೆಳಿಗ್ಗೆ, ಪಂಚಮಿಯ ಬೆಳಿಗ್ಗೆ, ಲೆಕ್ಕ ಸರಿಯಾಗಿ ಕೂತಿತು.

ಸರಿ ಮಾಡಿಸಿದ್ದು ನಾನಾ ಪೇಠೆಯಲ್ಲೇ, ಒಬ್ಬ ಹಿರಿಯ ಮಿಸ್ತ್ರಿಯ ಹತ್ತಿರ. ಲಾಕು ಕಚ್ಚುವ ಕೊಂಡಿಯ ಎರಡು ಬೋಲ್ಟ್ ಸಡಿಲಿಸಿ, ಅದನ್ನು ಎರಡು ಮಿಲಿಮೀಟರ್ ಸರಿಸಿ ಬಿಗಿ ಮಾಡಿದರು. ಇಪ್ಪತ್ತು ನಿಮಿಷ, 250 ರೂಪಾಯಿ. ನಾನು ತೋರಿಸಿದ ವಿಡಿಯೋ ನೋಡಿ ಅವರು ನನ್ನ ಜೊತೆಗೇ ಮಾತಾಡಿದರು, ಯಾರ ನಂಬರನ್ನೂ ಕೇಳಲಿಲ್ಲ. ಮತ್ತೆ ಫೋನ್ ಒಳಗಿಟ್ಟು ಐದು ಸಲ ಮುಚ್ಚಿ ನೋಡಿದೆವು, ಮೆಲ್ಲಗೆ, ಜೋರಾಗಿ. ಐದೂ ಸಲ ಕತ್ತಲೆ.

ಇಷ್ಟಾದ ಮೇಲೂ ಒಂದು ಕೆಲಸ ಉಳಿದಿತ್ತು. ಈ ಬ್ಯಾಟರಿಗಳನ್ನು ಪೂರ್ತಿ ಇಳಿಸಿ ಬಿಟ್ಟರೆ ಒಳಗಿನ ತಟ್ಟೆಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತು ಆಯಸ್ಸು ಕಡಿಮೆಯಾಗುತ್ತದೆ. ಜಂಪ್ ಕೊಟ್ಟು ಇಪ್ಪತ್ತು ನಿಮಿಷ ಓಡಿಸಿದರೆ ಚಾರ್ಜ್ ಆಯಿತು ಅಂದುಕೊಳ್ಳುವುದು ತಪ್ಪು, ಧಾಯರಿಯಿಂದ ಸ್ವಾರಗೇಟ್ ತನಕದ ಟ್ರಾಫಿಕ್ಕಿನಲ್ಲಿ ಖಾಲಿ ಬ್ಯಾಟರಿ ತುಂಬುವುದಿಲ್ಲ. ವಿಜಯಪುರದ ಕಾಕಾ ತಮ್ಮ ಚಾರ್ಜರ್ ಕೊಟ್ಟರು. ಗಾಳಿ ಆಡುವ ಬಾಲ್ಕನಿಯಲ್ಲಿಟ್ಟು ಒಂದು ರಾತ್ರಿ, ಮರುದಿನ ಮಧ್ಯಾಹ್ನದ ತನಕ ನಿಧಾನವಾಗಿ ಚಾರ್ಜ್ ಮಾಡಿದೆ. ಬಿಚ್ಚಿ ಹಾಕಿದ ಮೇಲೆ ಗಡಿಯಾರ, ರೇಡಿಯೋ ಸ್ಟೇಷನ್ ಮತ್ತೆ ಹೊಂದಿಸಬೇಕಾಯಿತು. ಡ್ಯಾಶ್‌ಕ್ಯಾಮ್ ಮತ್ತೆ ಹಾಕಿಸಿದೆ, ಈ ಸಲ ಕೀಲಿ ತಿರುವಿದಾಗ ಮಾತ್ರ ಕರೆಂಟ್ ಬರುವ ಫ್ಯೂಸಿಗೆ, 300 ರೂಪಾಯಿ. ಸೊಸೈಟಿಯವರಿಗೂ ಹೋಗಿ ಹೇಳಿ ಬಂದೆ, ಅದರದೇನೂ ತಪ್ಪಿರಲಿಲ್ಲ ಅಂತ.

ಎಲ್ಲ ಸೇರಿ 7,180 ರೂಪಾಯಿ ಹೋಯಿತು, ರಿಕ್ಷಾ, ಬಸ್ಸಿನ ದುಡ್ಡು ಬಿಟ್ಟು. ಅದರಲ್ಲಿ ನಿಜಕ್ಕೂ ಬೇಕಾಗಿದ್ದು ಮೀಟರು, ಅದರ ಫ್ಯೂಸು, ಮಿಸ್ತ್ರಿಯ ಕೂಲಿ: 1,040. ಆ ನಾಲ್ಕು ವರ್ಷದ ಹಳೆಯ ಬ್ಯಾಟರಿಯನ್ನು ಅವತ್ತೇ ಒಂದು ರಾತ್ರಿ ಚಾರ್ಜ್ ಮಾಡಿ ನೋಡಬೇಕಿತ್ತು ಅಂತ ಈಗಲೂ ಹೊಟ್ಟೆ ಉರಿಯುತ್ತದೆ. ನಿಮ್ಮ ಬ್ಯಾಟರಿ ಇಳಿದರೆ ದಯವಿಟ್ಟು ಮೊದಲು ಅಷ್ಟು ಮಾಡಿ. ಆಮೇಲೆ ಗಾಡಿ ಮಲಗಿದಾಗಿನ ಕರೆಂಟ್ ಅಳೆಯಿರಿ. ಮೀಟರ್ ಹಿಡಿಯುವುದು ಬೇಡ ಅನ್ನಿಸಿದರೆ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಹೋಗಿ ಇದನ್ನೇ ಕೇಳಿ, ಅರ್ಧ ತಾಸು ಕಾದು ಅಳೆಯಲು ಹೇಳಿ, ಪಕ್ಕದಲ್ಲೇ ನಿಂತಿರಿ. ಡಿಕ್ಕಿ, ಗ್ಲೋವ್ ಬಾಕ್ಸ್, ಕನ್ನಡಿಯ ದೀಪ ಇವನ್ನು ಫೋನಿನ ವಿಡಿಯೋದಿಂದ ಮನೆಯಲ್ಲೇ ನೋಡಬಹುದು, ಅದಕ್ಕೆ ಒಂದು ಪೈಸೆಯೂ ಬೇಡ.

ಈ ಬುಧವಾರ ಮಾವನ ಇಂಜೆಕ್ಷನ್ ಇತ್ತು. ಏಳೂ ಮುಕ್ಕಾಲಿಗೇ ಆಸ್ಪತ್ರೆ ಮುಟ್ಟಿದೆವು. ಅವರ ಕೋಲನ್ನು ಡಿಕ್ಕಿಯಿಂದ ತೆಗೆದುಕೊಟ್ಟು ಮುಚ್ಚಳ ಹಾಕಿದೆ. ಮಾವ ಎರಡು ಹೆಜ್ಜೆ ಹೋಗಿ ನಿಂತು, ತಿರುಗಿ ಬಂದು, ಅಂಗೈಯಿಂದ ಮುಚ್ಚಳವನ್ನು ಒತ್ತಿ ನೋಡಿದರು. “ಕುಂತೈತಿ” ಅಂದರು. ಒಳಗೆ ಹೋದೆವು.